ಕಾರಿನ ಗಣಕವನ್ನು ಮನೆಯಲ್ಲೇ ಓದೋಣ



ಮಳೆಗಾಲದ ಒಂದು ದಿನ ಕೊಡಗಿನ ಅಮ್ಮತ್ತಿಯಿಂದ ವಿರಾಜಪೇಟೆಗೆ ಒಂದು ಕಾರು ಹೊರಟಿದೆ ಎಂದು ಭಾವಿಸಿ. ಏರುದಾರಿಯಲ್ಲಿ ಎಂಜಿನ್ ನಡುಗುತ್ತದೆ; ಚಾಲಕನ ಕಣ್ಣೆದುರು ಎಂಜಿನ್ ಆಕಾರದ ಹಳದಿ ದೀಪ ಬೆಳಗುತ್ತದೆ. ತೋಟದ ಹಳೆಯ ಜೀಪಾಗಿದ್ದರೆ ಬಾನೆಟ್ ಎತ್ತಿ, ಸದ್ದು ಆಲಿಸಿ ದೋಷ ಹುಡುಕಬೇಕಿತ್ತು. ಇಂದಿನ ಕಾರಿನ ಎಂಜಿನ್ನನ್ನು ನಡೆಸುವುದು ಒಂದು ಪುಟ್ಟ ಗಣಕ. ಅದು ತಾನು ಕಂಡ ದೋಷವನ್ನು ಸಂಕೇತವಾಗಿ ಬರೆದಿಡುತ್ತದೆ. ಆ ಬರಹವನ್ನು ನೀವೂ ಓದಬಹುದು.

ಈ ವ್ಯವಸ್ಥೆಯ ಹೆಸರು ಒಬಿಡಿ-2. ಹೊಗೆಯ ಮಾಲಿನ್ಯವನ್ನು ಹತೋಟಿಯಲ್ಲಿಡಲು ಅಮೆರಿಕ 1996ರಲ್ಲಿ ಇದನ್ನು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡಿತು. ನಮ್ಮಲ್ಲಿ 2013ರಿಂದ ಭಾರತ್ ಸ್ಟೇಜ್ 4 ದರ್ಜೆಯ ಕಾರುಗಳಿಗೆ ಇದು ಬಂತು. ಕಾರಿನೊಳಗಿನ ಗಣಕಗಳು ಪರಸ್ಪರ ಸಂದೇಶ ಕಳುಹಿಸುವ 'ಕ್ಯಾನ್' ಪದ್ಧತಿಯನ್ನು 1986ರಲ್ಲಿ ಲೋಕಕ್ಕೆ ಪರಿಚಯಿಸಿದ್ದು ಜರ್ಮನಿಯ ಬಾಷ್ ಕಂಪನಿ. ಬೆಂಗಳೂರಿಗರು 'ಮೈಕೋ' ಎಂದು ಬಲ್ಲ, 1951ರಲ್ಲಿ ಸ್ಥಾಪನೆಯಾದ ಸಂಸ್ಥೆ ಇದೇ ಬಾಷ್ ಬಳಗದ್ದು.

ಸ್ಟಿಯರಿಂಗ್ ಚಕ್ರದ ಕೆಳಭಾಗದಲ್ಲಿ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಬೆಂಕಿಪೊಟ್ಟಣದಷ್ಟಿರುವ ಬ್ಲೂಟೂತ್ ಸಾಧನವನ್ನು ಸಿಕ್ಕಿಸಿ, ಮೊಬೈಲಿನಲ್ಲಿ 'ಟಾರ್ಕ್'ನಂಥ ತಂತ್ರಾಂಶ ತೆರೆದರೆ ಸಂಕೇತ ಕಾಣುತ್ತದೆ. ನಮ್ಮ ಕಾರು 'ಪಿ0301' ಎಂದಿತೆನ್ನಿ. 'ಪಿ' ಎಂದರೆ ಎಂಜಿನ್ ಮತ್ತು ಗೇರಿನ ವಿಭಾಗ; ಕೊನೆಯ 01 ಎಂದರೆ ಒಂದನೆಯ ಸಿಲಿಂಡರು. ಅಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಇದರ ಅರ್ಥ.

ಇಲ್ಲಿಯೇ ಅನೇಕರು ಎಡವುತ್ತಾರೆ. ಸಂಕೇತ ತಿಳಿಸುವುದು ರೋಗಲಕ್ಷಣವನ್ನು, ರೋಗವನ್ನಲ್ಲ. ಕಾರಣ ಸ್ಪಾರ್ಕ್ ಪ್ಲಗ್ ಇರಬಹುದು, ಇಗ್ನಿಷನ್ ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು. ತೇವ ಹಿಡಿದ ಅಥವಾ ಇಲಿ ಕಡಿದ ತಂತಿಯೂ ಆಗಿರಬಹುದು. ಊಹೆಯಿಂದ ಬಿಡಿಭಾಗ ಕೊಂಡರೆ ಹಣ ಪೋಲಾದೀತು. ಬದಲಾಗಿ ಒಂದು ಪ್ರಯೋಗ ಮಾಡಬಹುದು. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ ಇರುವ ಎಂಜಿನ್ ಆರಿ ತಣ್ಣಗಾದ ಮೇಲೆ, ಬಲ್ಲವರ ನೆರವಿನಿಂದ ಒಂದನೆಯ ಮತ್ತು ಎರಡನೆಯ ಸಿಲಿಂಡರುಗಳ ಕಾಯಿಲ್‌ಗಳನ್ನು ಅದಲುಬದಲು ಮಾಡಿ ಮತ್ತೆ ಓದಿ. ಸಂಕೇತ 'ಪಿ0302' ಆದರೆ ದೋಷ ಕಾಯಿಲ್‌ನದು. ಅದರ ಜೊತೆಗೇ ಸ್ಥಳ ಬದಲಿಸಿದೆ. 'ಪಿ0301' ಹಾಗೆಯೇ ಉಳಿದರೆ ಬೇರೆಡೆ ಹುಡುಕಬೇಕು. ಒಂದನ್ನು ಮಾತ್ರ ಬದಲಿಸಿ ಫಲಿತಾಂಶ ಗಮನಿಸುವ ಈ ಕ್ರಮವನ್ನು ನೀವು ಪ್ರಯೋಗಶಾಲೆಯಲ್ಲಿ ಕಲಿತೇ ಇದ್ದೀರಿ.

ಎರಡು ಎಚ್ಚರಿಕೆಗಳಿವೆ. ದುರಸ್ತಿಗೆ ಮುನ್ನ ಸಂಕೇತವನ್ನು ಅಳಿಸಬೇಡಿ. ದೋಷ ಕಂಡ ಗಳಿಗೆಯ ಎಂಜಿನ್ ವೇಗ, ಉಷ್ಣಾಂಶಗಳ ದಾಖಲೆಯೂ ಅದರೊಂದಿಗೆ ಅಳಿಸಿಹೋಗುತ್ತದೆ. ದೀಪ ಮಿಟುಕುತ್ತಿದ್ದರೆ ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಉರಿಯದ ಇಂಧನ ಹೊಗೆ ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡಬಲ್ಲದು.

ಓದುವುದು ಒಂದು, ತಿದ್ದುವುದು ಇನ್ನೊಂದು. ಗಣಕದ ಲೆಕ್ಕವನ್ನು ಬದಲಿಸಿ ಎಂಜಿನ್ನಿನ ಶಕ್ತಿ ಹೆಚ್ಚಿಸುವುದಕ್ಕೆ 'ಟ್ಯೂನಿಂಗ್' ಎನ್ನುತ್ತಾರೆ. ಶಕ್ತಿಯ ಜೊತೆಗೆ ಶಾಖವೂ ಒತ್ತಡವೂ ಏರುತ್ತವೆ; ವಾರಂಟಿ ಕೈತಪ್ಪಬಹುದು. ನೋಂದಣಿ ಪತ್ರದ ಮೂಲ ವಿವರಗಳು ಬದಲಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. ತಂತ್ರಾಂಶದ ಕೆಲವು ಸಾಲುಗಳು ಏನು ಮಾಡಬಲ್ಲವು ಎಂಬುದನ್ನು 2015ರಲ್ಲಿ ಜಗತ್ತು ಕಂಡಿತು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ಪೂರ್ತಿ ಶುದ್ಧಮಾಡುವಂಥ ತಂತ್ರಾಂಶ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿದೆ ಎಂದು ಫೋಕ್ಸ್‌ವ್ಯಾಗನ್ ಕಂಪನಿ ಒಪ್ಪಿಕೊಂಡಿತು. ಅದರ ಹೊಗೆಯನ್ನು ಉಸಿರಾಡಿದವರಲ್ಲಿ ಕಾರಿಲ್ಲದವರೂ ಇದ್ದರು.

ಆದುದರಿಂದ ಮಿತ್ರರೇ, ಮೊದಲು ಓದಲು ಕಲಿಯಿರಿ. ಮನೆಯಲ್ಲಿ ಕಾರಿದ್ದರೆ, ಅದು ಚೆನ್ನಾಗಿ ಓಡುತ್ತಿರುವಾಗಲೇ ಒಮ್ಮೆ ಓದಿ, ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿ. ಕೆಟ್ಟ ದಿನ ಹೋಲಿಸಿ ನೋಡಲು ಅವು ಬೇಕಾಗುತ್ತವೆ. ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ಕಿನೊಡನೆ ವಿಷಯ ತಿಳಿದು ಮಾತನಾಡಬಲ್ಲಿರಿ.