ಬಾಗಿಲು ಮರಳಿಸಿದವನಿಗೆ ಚಿತ್ರ, ದನ ಬಿಡಿಸಿದವನಿಗೆ ಕಲ್ಲು

ತೆಳು ಕಾಗದ, ಕುಂಚ, ಕರಿ ಮಸಿ. ಹಳ್ಳಿಯ ಅಜ್ಜಿಯ ಅಂಗಳಕ್ಕೆ ಸೈನಿಕ ನೀರು ಹೊತ್ತು ತರುತ್ತಾನೆ, ಅಜ್ಜಿ ನಗುತ್ತಾಳೆ. 1949ರ ಮೇಲೆ ಚೀನಾದಲ್ಲಿ ಇಂಥ ಮಸಿಚಿತ್ರಗಳ ಸುಗ್ಗಿ. ಬೆಟ್ಟ, ಮಂಜು, ಬಿದಿರು ಬರೆದು ಪಳಗಿದ ಕುಂಚಕ್ಕೆ ಸಮವಸ್ತ್ರ ಬರೆಯುವ ಕೆಲಸ ಬಿತ್ತು. ಕಲೆ ಇರಬೇಕಾದದ್ದು ರೈತರಿಗೆ, ಕಾರ್ಮಿಕರಿಗೆ, ಸೈನಿಕರಿಗೆ ಎಂದು 1942ರಲ್ಲೇ ಮಾವೋ ಯೆನಾನ್‌ನಲ್ಲಿ ಹೇಳಿಯಾಗಿತ್ತು.

ಅಜ್ಜಿಯ ನಗುವಿನ ಹಿಂದೆ ಹಳೇ ಭಯವೊಂದಿದೆ. 1928ರಲ್ಲಿ ಮಾವೋನ ಕೆಂಪು ಸೇನೆಗೆ ಹಾಕಿದ ಕಟ್ಟಳೆಗಳಲ್ಲಿ ಒಂದು ಹೀಗಿತ್ತು: ಮಲಗಲೆಂದು ರೈತರ ಮನೆಯ ಬಾಗಿಲು ಕಳಚಿಕೊಂಡರೆ, ಹೊರಡುವಾಗ ಮತ್ತೆ ಕೂಡಿಸಿ ಹೋಗಬೇಕು. ಅದಕ್ಕೂ ಮುಂಚೆ ಬಾಗಿಲುಗಳ ಗತಿ ಏನಾಗುತ್ತಿತ್ತೋ, ನೀವೇ ಊಹಿಸಿ.

ದಂಡು ಬಂತೆಂದರೆ ಊರು ಬಿಡುವುದು ನಮ್ಮ ರಾಯಚೂರು ದೋಆಬಿಗೂ ಗೊತ್ತಿದ್ದದ್ದೇ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಬಹಮನಿಯವರೂ ವಿಜಯನಗರದವರೂ ಬಡಿದಾಡುತ್ತಲೇ ಇದ್ದರು. 1406ರಲ್ಲಿ ವಿಜಯನಗರದ ಅರಸ ದೇವರಾಯನ ಕುದುರೆ ದಂಡು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಬಂದದ್ದು ಅಕ್ಕಸಾಲಿಗನ ಮಗಳಿಗಾಗಿ ಎನ್ನುತ್ತಾನೆ ಚರಿತ್ರೆಕಾರ ಫರಿಷ್ತಾ. ಹುಡುಗಿಯ ಮನೆಯವರು ಅಷ್ಟರಲ್ಲೇ ಓಡಿಹೋಗಿದ್ದರು. ಬರಿಗೈಲಿ ಉಳಿದ ದಂಡು ಹಳ್ಳಿಗಳನ್ನು ಸೂರೆ ಮಾಡಿತಂತೆ. ಫರಿಷ್ತಾ ಇದನ್ನು ಬರೆದದ್ದು ಇನ್ನೂರು ವರ್ಷ ಕಳೆದ ಮೇಲೆ, ಬಿಜಾಪುರದ ಆಶ್ರಯದಲ್ಲಿ ಕೂತು. ಹುಡುಗಿಯ ಕತೆ ಎಷ್ಟು ನಿಜವೋ, ಸೂರೆಯನ್ನಂತೂ ನಂಬಬಹುದು.

ಹಾಗಾದರೆ ಆಯುಧ ಹಿಡಿದವನನ್ನು ಊರು ಅಕ್ಕರೆಯಿಂದ ನೆನೆದ ಚಿತ್ರ ಕನ್ನಡ ನಾಡಿನಲ್ಲಿ ಇಲ್ಲವೇ? ಇದೆ: ವೀರಗಲ್ಲು.

ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ. ಒಂದು ಮೂಲೆಯಲ್ಲಿ ದನಗಳು ಒತ್ತೊತ್ತಾಗಿ ನಿಂತಿವೆ, ಮುಂದೆ ಬಿಲ್ಲೋ ಕತ್ತಿಯೋ ಹಿಡಿದ ವೀರ, ಉಳಿದವರಿಗಿಂತ ಒಂದು ಗೇಣು ದೊಡ್ಡವನು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೊರಟಿದ್ದಾರೆ. ಮೇಲೆ ಸೂರ್ಯ-ಚಂದ್ರ, ಶಿವಲಿಂಗದ ಎದುರು ಅವನು. ದನಕ್ಕಾಗಿ ನಡೆದ ಕಾಳಗ ತುರುಗೋಳು, ಊರಿಗಾಗಿ ಆದದ್ದು ಊರಳಿವು, ಹೆಣ್ಣಿನ ಮಾನಕ್ಕಾಗಿ ಪೆಣ್ಬುಯ್ಯಲು. ಸತ್ತವನ ಮನೆಗೆ ಕೊಟ್ಟ ಭೂಮಿ ನೆತ್ತರುಗೊಡಗೆ.

ದನಕ್ಕಾಗಿ ಪ್ರಾಣ ಕೊಡುವುದೇ ಎನ್ನಬೇಡಿ. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ 1952ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ಸಿಕ್ಕಿದ್ದು ನವಶಿಲಾಯುಗದ ದನಗಾಹಿಗಳ ನೆಲೆ. ಅಲ್ಲಿನ ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ಇಣಿಯ ಎತ್ತುಗಳು ಇಂದಿಗೂ ಇವೆ. ಆಸ್ತಿ ಎಂದರೆ ದನವೇ ಆಗಿದ್ದ ಸೀಮೆ ಇದು.

ಚೀನಾದ ಚಿತ್ರದ ಸೈನಿಕ ಹೊರಗಿನವನು. ಮನೆಮಗನಾಗಲು ಅವನು ನೀರು ಹೊರಬೇಕು, ಹಾಗೆ ಹೊತ್ತದ್ದನ್ನು ಸರ್ಕಾರ ಊರೂರಿಗೆ ತೋರಿಸಬೇಕು. ತುರುಗೋಳಿನ ಕಲ್ಲಿನಲ್ಲಿರುವವನು ಬಹುಪಾಲು ಆ ಊರಿನವನೇ. ಕೆಲವನ್ನು ಅರಸರು ನಿಲ್ಲಿಸಿದರೂ, ಎಷ್ಟೋ ಕಲ್ಲುಗಳನ್ನು ನಿಲ್ಲಿಸಿದವರು ಮನೆಯವರು, ಊರವರು. ಹಾಗಾಗಿ ಸ್ನೇಹದ ಮಾತಿಗೆ ನಾನು ಮಸಿಗಿಂತ ಕಲ್ಲನ್ನೇ ಹೆಚ್ಚು ನಂಬುತ್ತೇನೆ.

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವವರು ನಡುವೆ ಮಸ್ಕಿಯಲ್ಲಿ ಇಳಿಯುವುದು 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಅಶೋಕನ ಶಾಸನಕ್ಕೆ. ಇಳಿಯಲೇಬೇಕು. ದಾರಿಯ ಹಳ್ಳಿಗಳಲ್ಲಿ ಗುಡಿ ಪಕ್ಕ ವೀರಗಲ್ಲು ಕಂಡರೆ ಅಲ್ಲೂ ನಿಲ್ಲಿ. ಬೆಳಿಗ್ಗೆ ಅಥವಾ ಸಂಜೆ ಹೋಗಿ, ನೆತ್ತಿಯ ಬಿಸಿಲಲ್ಲಿ ಸವೆದ ಕೆತ್ತನೆ ಕ್ಯಾಮೆರಾಗೆ ಹತ್ತುವುದಿಲ್ಲ.