ಬೆನ್ನುಹುರಿಯ ಗಾಯವೂ ದಾದಿಯ ಕಣ್ಣೂ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಹಗಲು ಗಿರಣಿಯಲ್ಲಿ ಲೆಕ್ಕ ಬರೆದು ಸಂಜೆ ಈ ವಾಚನಾಲಯದ ಬಾಗಿಲು ತೆರೆಯುವವರು. ಆದರೂ ಈ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಮಾಳಿಗೆಯಿಂದ ಬಿದ್ದೋ ರಸ್ತೆಯ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದವನನ್ನು ಆಸ್ಪತ್ರೆಯವರು ಒಂದು ದಿನ ಮನೆಗೆ ಕಳುಹಿಸುತ್ತಾರೆ. ಆಮೇಲೆ ಅವನ ಜೀವ ಮನೆಯವರ ಕೈಯಲ್ಲಿ.

ಬೆನ್ನುಹುರಿ ಕೆಟ್ಟರೆ ಕಾಲಿನ ಬಲ ಹೋಗುವುದು ಎಲ್ಲರಿಗೂ ಕಾಣುತ್ತದೆ. ಕಾಣದೆ ಹೋಗುವುದು ಸ್ಪರ್ಶಜ್ಞಾನ. ನಾವು ನಿದ್ದೆಯಲ್ಲಿಯೂ ಮಗ್ಗುಲು ಬದಲಿಸುತ್ತೇವೆ. ಅವನಿಗೆ ಒತ್ತಿದ ನೋವೇ ತಿಳಿಯದು. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಅದು ಸಾಯತೊಡಗುತ್ತದೆ. ಇದೇ ಒತ್ತಡದ ಹುಣ್ಣು. ಬೆನ್ನಿನ ಕೆಳಭಾಗ, ಕುಂಡೆ, ಸೊಂಟದ ಪಕ್ಕ, ಹಿಮ್ಮಡಿ, ಇವು ಅದರ ಠಾವುಗಳು. ಹೊರಗೆ ಬಾಯಿ ಸಣ್ಣದಿದ್ದರೂ ಒಳಗೆ ಎಲುಬಿನವರೆಗೆ ಇಳಿದಿರಬಹುದು. ನಂಜೇರಿ ಪ್ರಾಣವನ್ನೂ ತೆಗೆಯಬಹುದು.

ಹಿಂದೆ ಇಂಥ ರೋಗಿಗಳಲ್ಲಿ ಬಹುಮಂದಿ ಈ ಹುಣ್ಣಿನಿಂದಲೂ ಮೂತ್ರದ ಸೋಂಕಿನಿಂದಲೂ ತೀರಿಕೊಳ್ಳುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ವಿಭಾಗವನ್ನು ಆರಂಭಿಸಿದ ಡಾಕ್ಟರ್ ಲುಡ್ವಿಗ್ ಗುಟ್‌ಮನ್ನರು, ಹಗಲೂ ರಾತ್ರಿಯೂ 2 ಗಂಟೆಗೊಮ್ಮೆ ರೋಗಿಯನ್ನು ಹೊರಳಿಸಬೇಕೆಂದು ಕಟ್ಟುನಿಟ್ಟು ಮಾಡಿದರು. ನಿಯಮ ವೈದ್ಯರದು, ಅದನ್ನು ನಡೆಸಿದ ಕೈಗಳು ದಾದಿಯರವು, ಆರ್ಡರ್ಲಿಗಳವು. ನಮ್ಮ ದೇಶದಲ್ಲಿ, 1954ರ ಅಪಘಾತದಲ್ಲಿ ತಾವೇ ಕಾಲಿನ ಸ್ವಾಧೀನ ಕಳೆದುಕೊಂಡ ಡಾಕ್ಟರ್ ಮೇರಿ ವರ್ಗೀಸರು ಗಾಲಿಕುರ್ಚಿಯಲ್ಲಿ ಕುಳಿತೇ ದುಡಿದು, 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ತೆರೆಯಲು ಕಾರಣರಾದರು.

ಇಂದು ಗಾಯದ ಆರೈಕೆಯಲ್ಲಿಯೇ ವಿಶೇಷ ತರಬೇತಿ ಪಡೆದ ದಾದಿಯರಿದ್ದಾರೆ. ಅವರ ಕೆಲಸ ಪಟ್ಟಿ ಕಟ್ಟುವುದಷ್ಟೇ ಅಲ್ಲ. ಹುಣ್ಣಿನ ಉದ್ದ, ಅಗಲ, ಆಳಗಳನ್ನು ಅಳೆದು ಬರೆದಿಡುವರು. ಅದು ಯಾವ ಹಂತದ್ದೆಂದು ಗುರುತಿಸುವರು. ಎಲ್ಲಕ್ಕಿಂತ ಮುಖ್ಯವಾಗಿ, ಹುಣ್ಣು ಏಕಾಯಿತೆಂದು ಹುಡುಕುವರು. ಗಾಲಿಕುರ್ಚಿಯ ಮೆತ್ತೆ ಸವೆದಿದ್ದರೆ ವ್ಯಾಯಾಮ ಚಿಕಿತ್ಸೆಯವರಿಗೆ, ಊಟದಲ್ಲಿ ಬೇಳೆ, ಹಾಲು, ಮೊಟ್ಟೆ ಸಾಲದಿದ್ದರೆ ಪಥ್ಯ ಹೇಳುವವರಿಗೆ, ಸತ್ತ ಮಾಂಸ ತೆಗೆಯಬೇಕಾದರೆ ಶಸ್ತ್ರವೈದ್ಯರಿಗೆ ತಿಳಿಸುವರು. ಸವೆದ ಮೆತ್ತೆಯ ಮೇಲೆಯೇ ಮತ್ತೆ ಕೂರಿಸಿದರೆ ಎಂಥ ಮುಲಾಮು ಹಚ್ಚಿ ಏನು ಫಲ?

ಅಂಥ ದಾದಿ ಎಲ್ಲ ಊರುಗಳಲ್ಲಿ ಸಿಗುವುದಿಲ್ಲ. ಆದ ಕಾರಣ, ಆಸ್ಪತ್ರೆ ಬಿಡುವ ಮುನ್ನವೇ ಹೊರಳಿಸುವ ಕ್ರಮವನ್ನೂ ಮೈ ನೋಡುವ ಕ್ರಮವನ್ನೂ ಮನೆಯವರು ಕೇಳಿ ಕಲಿಯಬೇಕು. ದಿನವೂ ಬೆಳಿಗ್ಗೆ, ಸಂಜೆ ಮೈ ನೋಡಿರಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದು. ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಗುರುತು ಕಂಡರೆ ಆ ಜಾಗಕ್ಕೆ ಭಾರ ಬೀಳಬಾರದು. ಅಲ್ಲಿ ತಿಕ್ಕಬೇಡಿ, ಉಂಗುರದಾಕಾರದ ದಿಂಬನ್ನೂ ಇಡಬೇಡಿ, ಅದು ಸುತ್ತಲಿನ ರಕ್ತವನ್ನು ತಡೆಯುತ್ತದೆ. ಕುರ್ಚಿಯಲ್ಲಿ ಕುಳಿತವರು 15ರಿಂದ 30 ನಿಮಿಷಕ್ಕೊಮ್ಮೆ ಬಾಗಿ ಭಾರ ಇಳಿಸಬೇಕು.

ಕಡೆಯದಾಗಿ ಒಂದು ಅರಿಕೆ. ನಮ್ಮ ಗಿರಣಿಯ ಹಾಜರಿ ಪುಸ್ತಕದಂತೆ ಗೋಡೆಗೆ ಒಂದು ಕಾಗದ ಅಂಟಿಸಿ, ಹೊರಳಿಸಿದ ಗಂಟೆಯನ್ನೂ ಹೊರಳಿಸಿದವರ ಹೆಸರನ್ನೂ ಬರೆಯಿರಿ. ನಡುರಾತ್ರಿಯ ಪಾಳಿಯೆಲ್ಲ ತಾಯಿಯ, ಇಲ್ಲವೆ ಹೆಂಡತಿಯ ಹೆಸರಿನಲ್ಲಿಯೇ ಇದ್ದರೆ ಆ ಕಾಗದ ಅದನ್ನೂ ಹೇಳುತ್ತದೆ. ಅಣ್ಣತಮ್ಮಂದಿರು, ನೆರೆಯವರು ಪಾಳಿ ಹಂಚಿಕೊಳ್ಳಲಿ. ಕೈ ಸಾಲದ ಮನೆಯವರು ವಾಚನಾಲಯಕ್ಕೆ ತಿಳಿಸಲಿ. ಕಲಿತುಕೊಂಡು ಒಂದು ಪಾಳಿಗೆ ನಾವೂ ಬರುತ್ತೇವೆ.