ರೋಗದ ಹೆಸರು ಬರೆಸಿಕೊಳ್ಳಿ
(ಗಿರಣಿ ಕಾರ್ಮಿಕರ ಮತ್ತು ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಹಿಂದೆ ಮಾಸ್ತರಿಕೆ ಮಾಡಿದವರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗ ಎದುರಿಗೇ ಕುಳಿತಿದ್ದರೂ ಲೆಕ್ಕಕ್ಕಿಲ್ಲ. ಸರ್ಕಾರದ ಲೆಕ್ಕವೂ ಹಾಗೆಯೇ. ಯಂತ್ರಕ್ಕೆ ಸಿಕ್ಕಿ ಕೈ ಹೋದರೆ ಎಲ್ಲರಿಗೂ ಕಾಣುತ್ತದೆ. ಎದೆಯೊಳಗಿನ ರೋಗ ಕಾಣುವುದಿಲ್ಲ. ಅದರ ಹೆಸರು ಕಾಗದದ ಮೇಲೆ ಬಂದರೆ ಮಾತ್ರ ಪರಿಹಾರ.

ಬ್ಲೋ ರೂಮಿನಲ್ಲಿ, ಕಾರ್ಡಿಂಗ್ ಖಾತೆಯಲ್ಲಿ ಹತ್ತಿಯ ಧೂಳು ಕುಡಿಯುವವರಿಗೆ ವಾರದ ರಜೆ ಮುಗಿಸಿ ಬಂದ ದಿನವೇ ಎದೆ ಬಿಗಿಯುತ್ತದೆ. ಮೊದಮೊದಲು ಅದೊಂದೇ ದಿನ. ವರ್ಷ ಕಳೆದಂತೆ ವಾರವೆಲ್ಲ. ಇದರ ಹೆಸರು ಬಿಸಿನೋಸಿಸ್. ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಇದು ಉದ್ಯೋಗದಿಂದ ಬರುವ ರೋಗವೆಂದೇ ಇದೆ.

ಚೀಟಿಯಲ್ಲಿ ಬರಿ 'ಅಸ್ತಮಾ' ಎಂದಿದ್ದರೆ ಅದು ಸಾಮಾನ್ಯ ಕಾಯಿಲೆ. ಇ.ಎಸ್.ಐ.ಯಿಂದ ಕೂಲಿಯ ನೂರಕ್ಕೆ 70ರಂತೆ ವರ್ಷಕ್ಕೆ ಹೆಚ್ಚೆಂದರೆ 91 ದಿನ ಸಿಗುತ್ತದೆ. ಅದೇ ಬಿಸಿನೋಸಿಸ್ ಎಂದು ಸ್ಥಿರವಾದರೆ, ಕೆಲಸಕ್ಕೆ ಹೋಗಲಾರದಷ್ಟು ದಿನ ನೂರಕ್ಕೆ 90. ರೋಗ ಶಾಶ್ವತವೆಂದಾದರೆ, ದುಡಿಯುವ ಶಕ್ತಿ ಎಷ್ಟು ಕುಂದಿದೆಯೆಂದು ವೈದ್ಯಕೀಯ ಮಂಡಳಿ ಗೊತ್ತುಮಾಡುತ್ತದೆ. ಆ ಪ್ರಮಾಣದಲ್ಲಿ ಜೀವ ಇರುವವರೆಗೂ ಹಣ ಬರಬೇಕು. ಇದು ಭಿಕ್ಷೆಯಲ್ಲ, ನಮ್ಮ ಕೂಲಿಯಿಂದ ಮುರಿದ ವಂತಿಗೆಯೂ ಅದರಲ್ಲಿದೆ.

ಆದ್ದರಿಂದ ಡಾಕ್ಟರರ ಎದುರು "ಕೆಮ್ಮು ಸ್ವಾಮಿ" ಎಂದಷ್ಟೇ ಹೇಳಿ ಎದ್ದು ಬರಬೇಡಿ. ಯಾವ ಖಾತೆ, ಎಷ್ಟು ವರ್ಷದ ದುಡಿಮೆ, ಯಾವ ದಿನ ಎದೆ ಬಿಗಿಯುತ್ತದೆ, ಎಲ್ಲ ಹೇಳಿ, ಬರೆಯಿರಿ ಎನ್ನಿ. ಪಾಳಿಗೆ ಮುಂಚೆ ಮತ್ತು ಪಾಳಿ ಮುಗಿದ ಮೇಲೆ ಉಸಿರಿನ ಪರೀಕ್ಷೆ ಕೇಳಿ. ಸಂಬಳದ ಚೀಟಿಗಳನ್ನು ಹರಿಯಬೇಡಿ. ಆ ಕೆಲಸದಲ್ಲಿ ಎಷ್ಟು ಕಾಲ ಇದ್ದಿರೆಂಬುದಕ್ಕೆ ಅವೇ ಸಾಕ್ಷಿ. ಮಂಡಳಿ ಇಲ್ಲವೆಂದರೆ ಮೇಲ್ಮನವಿ ಇದೆ.

ಅಂಗಡಿಯ ಬಂಧುಗಳೆ, ನಿಮಗೆ ಇಷ್ಟೂ ಇಲ್ಲ. ಸ್ವಂತ ಅಂಗಡಿಯವನಿಗೆ ಇ.ಎಸ್.ಐ. ಬಾಗಿಲು ಮುಚ್ಚಿದೆ. ಉಳಿದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ. ಅದರ ಪಟ್ಟಿಯಲ್ಲಿ 21 ಬಗೆ. ಮುಖ್ಯ ಸವಲತ್ತುಗಳಿಗೆ ನೂರಕ್ಕೆ 40 ವೈಕಲ್ಯದ ಪ್ರಮಾಣಪತ್ರ ಬೇಕು. ಪಾರ್ಕಿನ್ಸನ್ ನಡುಕ ಪಟ್ಟಿಯಲ್ಲಿದೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮಲಗುವವನ ಮೂತ್ರಪಿಂಡದ ರೋಗ ಇಲ್ಲ. ಅಂಗಡಿಯ ಕದ ಎತ್ತಲಾರದವನ ಹೃದಯರೋಗವೂ ಇಲ್ಲ.

ಪಟ್ಟಿಯಲ್ಲಿ ಹೆಸರುಂಟೇ ಎಂದಲ್ಲ, ಈತ ದುಡಿಯಬಲ್ಲನೇ ಎಂದು ಸರ್ಕಾರ ಕೇಳಬೇಕು. ಇದೇ ನಮ್ಮ ಬೇಡಿಕೆ. ಅದು ಕೈಗೂಡುವವರೆಗೆ, ಇರುವ ಹಕ್ಕು ಕಾಗದವಿಲ್ಲದೆ ಕಳೆದುಹೋಗದಿರಲಿ. ನಾಳೆಯೇ ಚೀಟಿಗಳನ್ನು ಯೂನಿಯನ್ ಕಚೇರಿಗೆ ತನ್ನಿ. ಕೂಡಿ ಅರ್ಜಿ ಬರೆಯೋಣ.